ಬ್ಯಾಂಕ್ ಅಂದ್ರೆ ವಾಪಸ್ ಕಟ್ಬೇಕಾ?

ಮಳೆಗಾಲದಲ್ಲಿ ಕೊಡಗಿನ ಮಕ್ಕಳೆಲ್ಲ ಕಾಯುವ ಮೆಸೇಜ್ ಒಂದಿದೆ. ಸಂಜೆ ಏಳರ ಮೇಲೆ, ಕೆಲವೊಮ್ಮೆ ಮಲಗುವ ಹೊತ್ತಿಗೆ, ವಾಟ್ಸಾಪ್ ಗುಂಪುಗಳಲ್ಲಿ ಅದು ಓಡಾಡಲು ಶುರುಮಾಡುತ್ತದೆ: ಭಾರಿ ಮಳೆಯ ಕಾರಣ ನಾಳೆ ಅಂಗನವಾಡಿ, ಶಾಲೆ, ಪಿಯು ಕಾಲೇಜುಗಳಿಗೆ ರಜೆ. ಬಾರದಿದ್ದರೆ ಬಂದಂತೆ ಹಬ್ಬಿಸುವವರೂ ಇದ್ದಾರೆ. ಹಳೇ ಆದೇಶದ ತಾರೀಕು ತಿದ್ದಿ ಹಾಕಿದ ಹುಡುಗನೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ.

ನಾನೂ ಆ ಮೆಸೇಜಿಗೆ ಕಾಯುತ್ತೇನೆ, ಆದರೆ ಬೇರೆ ಕಾರಣಕ್ಕೆ. ಶಾಲೆಗೆ ರಜೆ ಅಂದರೆ ಬಿಸಿಯೂಟಕ್ಕೂ ರಜೆ.

ಇದು ನನಗೆ ತಾನಾಗಿ ಹೊಳೆದದ್ದಲ್ಲ. ಕೆಲವು ವರ್ಷಗಳ ಹಿಂದೆ, ಸತತ ನಾಲ್ಕನೇ ದಿನ ಮಳೆ ರಜೆ ಕೊಟ್ಟಿದ್ದಾಗ, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಮೂವರು ಮಕ್ಕಳು ನಮ್ಮ ಕಾಫಿ ಕಣದ ಶೆಡ್ಡಿನೊಳಗೆ ನಿಂತಿದ್ದರು. ತಲೆ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿಕೊಂಡಿದ್ದರು. ಹನ್ನೊಂದು ಗಂಟೆ ಇರಬೇಕು. ಅವರಲ್ಲಿ ಚಿಕ್ಕವಳು ಕೇಳಿದಳು, ‘ಅಕ್ಕ, ಸ್ಕೂಲ್ ಯಾವಾಗ ತೆಗೀತಾರೆ?’ ರಜೆ ಬೇಡ ಅನ್ನುವ ಮಗುವನ್ನು ನಾನು ಅದೇ ಮೊದಲು ನೋಡಿದ್ದು. ಓದಿನಲ್ಲಿ ಭಾರೀ ಆಸಕ್ತಿ ಅಂದುಕೊಂಡೆ. ಅವಳ ಅಣ್ಣ ನಕ್ಕು, ‘ಮೊಟ್ಟೆಗೆ’ ಅಂದ. ಬೆಳಿಗ್ಗೆ ಏನು ತಿಂದಿರಿ ಅಂದೆ. ಕಾಫಿ. ಕಪ್ಪು ಕಾಫಿ, ಬೆಲ್ಲ ಹಾಕಿದ್ದು. ಕಾಫಿ ಬೆಳೆಯುವ ಊರಿನಲ್ಲಿ ಹೊಟ್ಟೆಗೆ ಅದೊಂದು ಮಾತ್ರ ಸುಲಭವಾಗಿ ಸಿಗುತ್ತದೆ.

ಆವತ್ತು ಮಧ್ಯಾಹ್ನ ನಾನು ಮಾಡಿದ ಉಪ್ಪಿಟ್ಟು ಗಂಟುಗಂಟಾಗಿತ್ತು. ಮೂವರು ತಿಂದು ಹೋಗಿ ಇನ್ನೈವರನ್ನು ಕರೆದುಕೊಂಡು ಬಂದರು.

ಪೊನ್ನಂಪೇಟೆಯಿಂದ ಕುಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಮೊದಲು ಕರಿಮೆಣಸು ಒಣಗಿಸಿ ತುಂಬುತ್ತಿದ್ದ ಒಂದು ಹಳೇ ಗೋದಾಮು ಈಗ ನಮ್ಮ ಅಕ್ಕಿ ಮನೆ, ಮಳೆಗಾಲದಲ್ಲಿ ಬೇಕಾದವರು ಬಂದು ಅಕ್ಕಿ ಒಯ್ಯುವ ಜಾಗ. ನಾವು ಏಳೆಂಟು ಜನ. ಇಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಆಟೋ ಓಡಿಸುವವನು, ಒಬ್ಬರು ತೋಟದ ಲೆಕ್ಕ ಬರೆಯುವ ರೈಟರ್, ಮತ್ತೆ ನಮ್ಮಂಥ ಸಣ್ಣ ಬೆಳೆಗಾರರು. ನೋಂದಣಿ ಇಲ್ಲ, ಬೋರ್ಡಿಲ್ಲ. ಶುರುವಿನಲ್ಲಿ ಇದನ್ನು ‘ಅಕ್ಕಿ ಬ್ಯಾಂಕ್’ ಅಂತ ಕರೆದಿದ್ದೆವು. ಆ ಹೆಸರು ಒಂದೇ ವಾರ ಬಾಳಿದ್ದು. ಮೊದಲ ದಿನ ಬಂದ, ಇಲ್ಲಿನ ಎರವ ಬುಡಕಟ್ಟಿನ ಹೆಂಗಸೊಬ್ಬಳು ಚೀಲಕ್ಕೆ ಕೈ ಹಾಕದೆ ದೂರವೇ ನಿಂತಳು. ನಿಂತು ಕೇಳಿದಳು: ‘ಬ್ಯಾಂಕ್ ಅಂದ್ರೆ ವಾಪಸ್ ಕಟ್ಬೇಕಾ?’

ನಾವು ನಕ್ಕೆವು. ನಗಬಾರದಿತ್ತು.

ಫುಡ್ ಬ್ಯಾಂಕ್ ಅನ್ನುವ ಮಾತು ಹುಟ್ಟಿದ್ದು ಅಮೆರಿಕದ ಅರಿಜೋನಾದಲ್ಲಿ, 1967ರಲ್ಲಿ. ಫೀನಿಕ್ಸ್ ನಗರದ ಜಾನ್ ವ್ಯಾನ್ ಹೆಂಗಲ್ ಎಂಬಾತ ಚರ್ಚಿನ ಗಂಜಿಕೇಂದ್ರವೊಂದರಲ್ಲಿ ದುಡಿಯುತ್ತಿದ್ದ. ಅಂಗಡಿಗಳು ಬಿಸಾಡುವ ಒಳ್ಳೇ ಪದಾರ್ಥವನ್ನು ಹೆಕ್ಕಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಮಿಕ್ಕ ಆಹಾರವನ್ನು ಇಡುವುದಕ್ಕೂ ಬೇಕಾದವರು ತೆಗೆದುಕೊಳ್ಳುವುದಕ್ಕೂ ಬ್ಯಾಂಕಿನಂಥದೊಂದು ಜಾಗ ಇರಬೇಕು ಅಂದಳಂತೆ. ಅಲ್ಲಿಂದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಹುಟ್ಟಿತು. ಆ ತಾಯಿಗೆ ಬ್ಯಾಂಕ್ ಅಂದರೆ ಇಟ್ಟದ್ದು ಇರುವ ಜಾಗ. ನಮ್ಮೂರಿನ ಹೆಂಗಸಿಗೆ ಬ್ಯಾಂಕ್ ಅಂದರೆ ಸಾಲ. ಯಾಕೆ ಅಂತ ಗೊತ್ತಾಗಲು ನಾನು ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಟ್ಟ ಹತ್ತಬೇಕಾಯಿತು.

ಐನ್‌ಮನೆಯಲ್ಲಿ ಪತ್ತಾಯ ಇದೆ. ಗೊತ್ತಿಲ್ಲದವರಿಗೆ: ಭತ್ತ ತುಂಬುವ ಮರದ ದೊಡ್ಡ ಪೆಟ್ಟಿಗೆ, ಒಂದು ಕೋಣೆಯಷ್ಟೇ ಇರುತ್ತದೆ. ನೆಲದಿಂದ ಮೊಳ ಎತ್ತರದಲ್ಲಿ ನಿಲ್ಲಿಸಿರುತ್ತಾರೆ. ಹೊಸ ಭತ್ತದ ಹಬ್ಬವಾದ ಪುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಗದ್ದೆಯಿಂದ ಕದಿರು ತಂದು ಮನೆ ತುಂಬಿಸಿಕೊಳ್ಳುವಾಗ ಪತ್ತಾಯಕ್ಕೂ ಕದಿರು ಕಟ್ಟುತ್ತೇವೆ. ಹೆಚ್ಚಲಿ ಹೆಚ್ಚಲಿ ದೇವರೇ ಅಂತ ಆ ಕೂಗಿನ ಅರ್ಥ. ಚಿಕ್ಕಂದಿನಲ್ಲಿ ನನಗೆ ಪತ್ತಾಯ ಅಂದರೆ ಅಜ್ಜಿಯ ದೊಡ್ಡಸ್ತಿಕೆ. ಕಕ್ಕಡ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನ ಆ ಜಡಿಮಳೆಯಲ್ಲಿ, ಕೆಲಸದವರು ಹಿಂದಿನ ಬಾಗಿಲಿಗೆ ಬರುತ್ತಿದ್ದರು, ಅಜ್ಜಿ ಭತ್ತ ಅಳೆದು ಹಾಕಿಸುತ್ತಿದ್ದರು. ಯಾರನ್ನೂ ಬರಿಗೈಲಿ ಕಳಿಸಿದವರಲ್ಲ ಅಂತ ಇವತ್ತಿಗೂ ನಮ್ಮ ಕುಟುಂಬದಲ್ಲಿ ಹೇಳುತ್ತಾರೆ. ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಅಟ್ಟದಲ್ಲಿ ಸಿಕ್ಕಿದ್ದು ಅಜ್ಜನ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಅಂಚನ್ನು ಗೆದ್ದಲು ತಿಂದಿದೆ. ಕಕ್ಕಡದಲ್ಲಿ ಯಾರಿಗೆ ಎಷ್ಟು ಭತ್ತ, ಕುಯ್ಲಿನಲ್ಲಿ ಎಷ್ಟು ವಾಪಸ್ ಬರಬೇಕು. ಒಂದಕ್ಕೆ ಒಂದೂವರೆ. ಕೊಡಲಾಗದವರ ಹೆಸರಿನ ಮುಂದೆ ದುಡಿಯಬೇಕಾದ ದಿನಗಳ ಲೆಕ್ಕ. ಪ್ರತಿ ಸಾಲಿನ ಕೊನೆಗೆ ಒಂದು ಹೆಬ್ಬೆಟ್ಟು. ನೇರಳೆ ಶಾಯಿ ಇನ್ನೂ ಮಾಸಿಲ್ಲ. ಕೆಲವು ಬೆರಳಿನ ಗೆರೆಗಳನ್ನು ಎಣಿಸಬಹುದು. ಒಂದೇ ಮನೆಯವರ ಹೆಸರು ಅಪ್ಪ, ಮಗ ಅಂತ ಎರಡು ತಲೆಮಾರು ಬರುತ್ತದೆ. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ. ಪುಸ್ತಕದ ಕೊನೆಯ ಕೆಲವು ಪುಟಗಳು ಅದಕ್ಕೂ ಈಚಿನವು.

ಅಂದರೆ ನಮ್ಮ ಮನೆಯಲ್ಲೂ ಒಂದು ಅಕ್ಕಿ ಬ್ಯಾಂಕ್ ಇತ್ತು. ಬಹಳ ಚೆನ್ನಾಗಿ ನಡೆಯುತ್ತಿತ್ತು. ಅಜ್ಜಿ ಅಳೆದು ಹಾಕುತ್ತಿದ್ದದ್ದೂ ನಿಜ, ಅಜ್ಜ ಬರೆದುಕೊಳ್ಳುತ್ತಿದ್ದದ್ದೂ ನಿಜ. ಆ ಹೆಂಗಸು ದೂರ ನಿಂತು ಕೇಳಿದ ಪ್ರಶ್ನೆಯ ಉತ್ತರ ಅವಳ ಅಜ್ಜನಿಗೆ ಗೊತ್ತಿತ್ತು.

ಬೋರ್ಡಿಗೆ ಬರೆಸಲು ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಪಡೆದೆವು. ಅಕ್ಕಿ ಮನೆ ಅಂತ ಜನರೇ ಕರೆಯತೊಡಗಿದರು.

ಈ ಜಿಲ್ಲೆಯಲ್ಲಿ ಹಸಿವಾ ಅಂತ ಮೂಗು ಮುರಿಯುವವರಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ, ಊರಿಗೆ ಹತ್ತು ಹೋಂಸ್ಟೇ, ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳ ಸಾಲು. ಅವರಿಗೆ ನಾನು ಹೇಳುವುದು ಇಷ್ಟೇ: ಇಲ್ಲಿ ಹಸಿವಿಗೆ ತಿಂಗಳುಗಳಿವೆ. ಅರೇಬಿಕಾ ನವೆಂಬರ್ ಕೊನೆಗೆ ಶುರುವಾಗಿ ರೋಬಸ್ಟಾ ಮಾರ್ಚ್‌ನಲ್ಲಿ ಮುಗಿಯುವ ತನಕ ಲೈನ್ ಮನೆಯಲ್ಲಿ ಯಾರೂ ಖಾಲಿ ಕೂರುವುದಿಲ್ಲ. ಕುಯ್ಲಿನ ಕೂಲಿ ಕಿಲೋ ಲೆಕ್ಕ, ಗಂಡ ಹೆಂಡತಿ ಮುದುಕಿ ಎಲ್ಲ ಹಣ್ಣು ಬಿಡಿಸುತ್ತಾರೆ, ಬಟವಾಡೆಯ ದಿನ ಸಂತೆಯಲ್ಲಿ ಕೋಳಿ. ಆಮೇಲೆ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ, ಕಳೆ. ಜೂನ್ ಬಂತೋ, ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಹೆಸರು ಉದುರತೊಡಗುತ್ತದೆ. ಮಳೆಯಲ್ಲಿ ತೋಟದಲ್ಲಿ ಮಾಡುವಂಥ ಕೆಲಸ ಕಡಿಮೆ. ವಾರಕ್ಕೆ ಎರಡು ದಿನ, ಮೂರು ದಿನ.

ಮೊದಲಾದರೆ ಆ ಹೊತ್ತಿಗೆ ನಾಟಿ ಇರುತ್ತಿತ್ತು. ಕಕ್ಕಡ ಅಂದರೆ ಸೊಂಟ ಬಗ್ಗಿಸಿ ಗದ್ದೆಯಲ್ಲಿ ನಿಲ್ಲುವ ತಿಂಗಳು, ಕೂಲಿಯೂ ಇತ್ತು, ಗದ್ದೆಯ ಏಡಿಯೂ ಇತ್ತು. ಈಗ ನಮ್ಮ ಮನೆಯ ಕೆಳಗಿನ ಬಯಲಿನಲ್ಲಿ ಅರ್ಧಕ್ಕರ್ಧ ಗದ್ದೆ ಪಾಳು. ಆನೆ ಬಂದು ಒಂದೇ ರಾತ್ರಿಯಲ್ಲಿ ತುಳಿದು ಹೋದರೆ ಮತ್ತೆ ನಾಟಿಗೆ ಯಾರು ದುಡ್ಡು ಹಾಕುತ್ತಾರೆ? ನಾವೂ ಎರಡು ವರ್ಷ ಬಿಟ್ಟಿದ್ದೆವು. ಗದ್ದೆ ಪಾಳು ಬಿದ್ದರೆ ಭತ್ತ ಹೋಯಿತು ಅಂತ ಪತ್ರಿಕೆಗಳು ಬರೆಯುತ್ತವೆ. ಕಕ್ಕಡದ ಕೂಲಿ ಹೋಯಿತು ಅಂತ ಬರೆದದ್ದನ್ನು ನಾನು ನೋಡಿಲ್ಲ.

ಮಿಕ್ಕದ್ದು ಕಾಡಿನದು. ಕಣಿಲೆ ಅಂದರೆ ಎಳೆ ಬಿದಿರು, ಕೆಸ, ಅಣಬೆ, ತೆರ್ಮೆ ಅನ್ನುವ ಜರೀಗಿಡದ ಸೊಪ್ಪು. ಇದೆಲ್ಲ ಒಂದು ಕಾಲಕ್ಕೆ ಬೇರೇನೂ ಇಲ್ಲದಾಗ ತಿಂದದ್ದು. ಕಕ್ಕಡ 18ರ ಮದ್ದು ಸೊಪ್ಪಿನ ಪಾಯಸವಂತೂ ಸೊಪ್ಪಿನ ರಸಕ್ಕೆ ಅಕ್ಕಿ ಬೆಲ್ಲ ಹಾಕಿದ್ದು, ನೇರಳೆ ಬಣ್ಣ, ಕುಡಿದ ಮರುದಿನ ಮೂತ್ರವೂ ಕೆಂಪು. ಈಗ ಹೋಂಸ್ಟೇಯವರು ‘ಮಾನ್ಸೂನ್ ಸ್ಪೆಷಲ್’ ಅಂತ ತಟ್ಟೆಗೆ ಇಷ್ಟು ಅಂತ ರೇಟ್ ಹಾಕಿದ್ದಾರೆ. ತಪ್ಪು ಅಂತಲ್ಲ. ಕಣಿಲೆ ಹೆಕ್ಕಿ ತಂದವರು ಅದನ್ನು ತಿನ್ನದೆ ಮಾರಿ ಅಕ್ಕಿ ಕೊಳ್ಳುತ್ತಾರೆ ಅನ್ನುವುದು ಗೊತ್ತಿರಲಿ, ಅಷ್ಟೆ.

ಹಾಗಾದರೆ ಸರ್ಕಾರದ ಅಕ್ಕಿ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಎಲ್ಲೂ ಹೋಗಿಲ್ಲ, ಬರುತ್ತದೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಕಡೆಯ ಲೈನ್ ಮನೆಗಳಲ್ಲಿ ಆದ ಬದಲಾವಣೆ ಕಣ್ಣಿಗೆ ಕಾಣುವಂಥದ್ದು. ಅದನ್ನು ಗೇಲಿ ಮಾಡುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅಕ್ಕಿ ಸಿಗದೆ 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರಲ್ಲ, ಆಗಲೇ ಅಕ್ಕಿಯ ಬೆಲೆ ಏನು ಅಂತ ಗೊತ್ತಾದದ್ದು. 170 ರೂಪಾಯಿಗೆ ಅಂಗಡಿಯಲ್ಲಿ 5 ಕಿಲೋ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ದುಡ್ಡು ಯಾರ ಖಾತೆಗೆ ಬಂತು, ಬಂತೋ ಇಲ್ಲವೋ ಅನ್ನುವುದೇ ತಿಳಿಯಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಮಳೆಗಾಲದಲ್ಲಿ ಗಿರಿಜನ ಕುಟುಂಬಗಳಿಗೆ ಮೊಟ್ಟೆ, ಬೇಳೆ, ಎಣ್ಣೆ, ತುಪ್ಪ ಇರುವ ಪೌಷ್ಟಿಕ ಆಹಾರದ ಕಿಟ್ಟೂ ಬರುತ್ತದೆ. ಯಾರೋ ತಿಳಿದವರು ಮಳೆಗಾಲ ನೋಡಿಯೇ ಮಾಡಿದ ಯೋಜನೆ ಅದು.

ತೊಡಕು ಇರುವುದು ಬೆರಳ ತುದಿಯಲ್ಲಿ. ಮೂರು ತಿಂಗಳು ಹಣ್ಣು ಬಿಡಿಸಿದ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಕಾಫಿ ಹಣ್ಣಿನ ಅಂಟು ಒಣಗಿ ಕಪ್ಪಾಗಿ ಚರ್ಮದ ಗೆರೆಗಳೊಳಗೆ ಕೂತಿರುತ್ತದೆ, ಸೀಮೆಎಣ್ಣೆಗೂ ಹೋಗುವುದಿಲ್ಲ. ಮಳೆಗಾಲದಲ್ಲಿ ಅದೇ ಚರ್ಮ ನೆನೆದು ಬಿಳುಚಿಕೊಂಡು ಸುಲಿಯುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಆ ಬೆರಳು ಒತ್ತಿದರೆ ಕೆಂಪು ದೀಪ. ಒರೆಸಿ, ಸೆರಗಿಗೆ ಉಜ್ಜಿ, ತಲೆಗೂದಲಿಗೆ ಸವರಿ ಎಣ್ಣೆ ಹತ್ತಿಸಿಕೊಂಡು ಮತ್ತೆ ಒತ್ತಿದರೆ ಮತ್ತೆ ಕೆಂಪು. ಅಷ್ಟರಲ್ಲಿ ಸರ್ವರ್ ಇಲ್ಲ. ಅಥವಾ ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದಿದೆ. ನಾಳೆ ಬನ್ನಿ. ನಾಳೆ ಅಂದರೆ ಆರು ಕಿಲೋಮೀಟರ್ ನಡಿಗೆ, ಕೂಲಿ ಇದ್ದರೆ ಅದೂ ಹೋಯಿತು. ಅಂಗಡಿಯವನನ್ನು ಬಯ್ದು ಪ್ರಯೋಜನವಿಲ್ಲ, ಅವನೂ ಯಂತ್ರದ ಮುಂದೆ ಕೂತು ದೇವರನ್ನು ಕರೆಯುತ್ತಿರುತ್ತಾನೆ.

ಅಜ್ಜನ ಪುಸ್ತಕದಲ್ಲಿ ಮಾತ್ರ ಎಲ್ಲ ಹೆಬ್ಬೆಟ್ಟುಗಳೂ ಚೆನ್ನಾಗಿ ಮೂಡಿವೆ.

ಅಸ್ಸಾಂ, ಬಂಗಾಳದಿಂದ ಬಂದ ಕೆಲಸಗಾರರದು ಇನ್ನೊಂದು ಕತೆ. ಒಂದು ದೇಶ ಒಂದು ಪಡಿತರ ಚೀಟಿಗೆ ಅಸ್ಸಾಂ ಕೊನೆಯದಾಗಿ ಸೇರಿದ್ದು 2022ರ ಜೂನ್‌ನಲ್ಲಿ. ಕಾಗದದ ಮೇಲೆ ಅವರು ಇಲ್ಲೂ ತಮ್ಮ ಪಾಲಿನ ಅಕ್ಕಿ ತೆಗೆದುಕೊಳ್ಳಬಹುದು. ಆದರೆ ಊರಲ್ಲಿ ಉಳಿದ ಅಮ್ಮ ಇಡೀ ಕಾರ್ಡಿನ ಅಕ್ಕಿ ತೆಗೆದುಕೊಂಡಿದ್ದರೆ ಇಲ್ಲಿ ಆ ತಿಂಗಳು ಏನೂ ಇಲ್ಲ. ಅಮ್ಮನಿಗೆ ಬಿಡು ಅಂತ ಯಾವ ಮಗ ಹೇಳುತ್ತಾನೆ? ಅವರು ನಮ್ಮಲ್ಲಿಗೆ ಬರಲು ತೀರಾ ನಾಚುತ್ತಾರೆ. ಬಂದರೂ ದುಡ್ಡು ಕೊಡಲು ನೋಡುತ್ತಾರೆ.

ಅಕ್ಕಿ ಮನೆಯ ಬೀಜ ಬಿದ್ದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟಗಳು ಜಾರಿದ ಆ ವಾರ ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ರಾಜ್ಯದ ಮೂಲೆಮೂಲೆಯಿಂದ ಲಾರಿಗಳು ಬಂದವು. ಆ ಲಾರಿಗಳ ಮೇಲಿನ ಊರಿನ ಹೆಸರುಗಳನ್ನು ಓದಿ ಅತ್ತದ್ದಿದೆ. ಆದರೆ ಬಂದದ್ದೆಲ್ಲ ಒಂದೇ ಹತ್ತು ದಿನದಲ್ಲಿ ಬಂತು. ಬ್ರೆಡ್ ಬೂಷ್ಟು ಹಿಡಿಯಿತು. ಬಟ್ಟೆಯ ರಾಶಿ ಆಳೆತ್ತರ, ಒದ್ದೆಯಾಗಿ ನಾರುತ್ತಿತ್ತು. ಬಿಸ್ಕತ್ತಿನ ಪೆಟ್ಟಿಗೆಗಳ ಮೇಲೆ ಜನ ಮಲಗಿದರು. ಅಕ್ಟೋಬರ್ ಹೊತ್ತಿಗೆ ಬಾಡಿಗೆ ಮನೆ ಹಿಡಿದು ಹೋದವರು ಫೋನ್ ಮಾಡಿ, ಒಂದಿಷ್ಟು ಅಕ್ಕಿ ಇದ್ದರೆ ನೋಡಿ ಅಂದಾಗ ಎಲ್ಲಿಯೂ ಏನೂ ಇರಲಿಲ್ಲ. ಕೊಡುವವರಿಗೆ ಮನಸ್ಸಿಲ್ಲದೆ ಅಲ್ಲ. ಅವರ ಮನಸ್ಸು ಆಗಸ್ಟ್‌ನಲ್ಲಿತ್ತು, ಇವರ ಹಸಿವು ಅಕ್ಟೋಬರ್‌ನಲ್ಲಿತ್ತು. ನಡುವೆ ಒಂದು ಒಣ ಕೋಣೆ ಇರಲಿಲ್ಲ.

ಒಣ ಕೋಣೆ ಅನ್ನುವುದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮೊದಲ ವರ್ಷ ನಾವು ಎಡವಿದ್ದು ಅಲ್ಲೇ. ಜೂನ್‌ನಲ್ಲಿ ಉತ್ಸಾಹದಿಂದ ಅಕ್ಕಿ ಕೊಂಡು ಗೋಡೆಗೆ ಒತ್ತಿ ಚೀಲ ಜೋಡಿಸಿದೆವು. ಜುಲೈ ಮೂರನೇ ವಾರ ಕೆಳಗಿನ ಸಾಲಿನ ಚೀಲ ಎಳೆದರೆ ಬೆಚ್ಚಗಿತ್ತು. ಒಳಗೆ ಕೈ ಹಾಕಿದರೆ ಹಿಟ್ಟಿನ ಉಂಡೆ, ಮುಗ್ಗಲು ವಾಸನೆ, ಮುಂಗೈವರೆಗೆ ಹರಿದ ಹುಳು. ಹನ್ನೊಂದು ಚೀಲ ಹೋಯಿತು. ರೈಟರಣ್ಣ ಒಂದು ಮಾತೂ ಆಡದೆ ಮನೆಗೆ ಹೋಗಿ ಕಾಫಿಯ ತೇವಾಂಶ ನೋಡುವ ಮೀಟರ್ ತಂದು ಮೇಜಿನ ಮೇಲಿಟ್ಟರು. ಕಾಫಿ ಒಂದು ಪಾಯಿಂಟ್ ಹೆಚ್ಚು ಒದ್ದೆ ಇದ್ದರೆ ಲಾರಿ ಹತ್ತಿಸದವರು ನಾವು, ಅಕ್ಕಿಯನ್ನು ಕೈಯಲ್ಲಿ ಮುಟ್ಟಿ ಸಾಕು ಅಂದುಕೊಂಡಿದ್ದೆವು! ನಾಚಿಕೆಯಾಯಿತು.

ಅಜ್ಜಿಗೆ ಇದೆಲ್ಲ ಗೊತ್ತಿತ್ತು. ಪತ್ತಾಯ ನೆಲ ಮುಟ್ಟುವುದಿಲ್ಲ, ಗೋಡೆ ಮುಟ್ಟುವುದಿಲ್ಲ. ಮುಖ್ಯವಾಗಿ ಪತ್ತಾಯದಲ್ಲಿ ಇರುವುದು ಅಕ್ಕಿಯಲ್ಲ, ಭತ್ತ. ಹೊಟ್ಟಿನ ಕೋಟು ಹಾಕಿಕೊಂಡ ಕಾಳಿಗೆ ಹುಳು ಅಷ್ಟು ಬೇಗ ನುಗ್ಗುವುದಿಲ್ಲ. ಹಾಗಾಗಿ ಈಗ ನಾವು ಪುತ್ತರಿ ಮುಗಿದು ಒಕ್ಕಣೆಯಾದ ಮೇಲೆ, ಜನವರಿಯ ಬಿಸಿಲಿನಲ್ಲಿ ಭತ್ತವನ್ನೇ ಎತ್ತುತ್ತೇವೆ. ಒಂದೊಂದು ಮನೆಯಿಂದ ಒಂದು ಚೀಲ, ಅರ್ಧ ಚೀಲ. ಕಾಫಿ ಕಣದಲ್ಲೇ ಇನ್ನೊಂದು ಸಲ ಒಣಗಿಸಿ, ಮೀಟರಿನಲ್ಲಿ 14ರ ಕೆಳಗೆ ಬಂದ ಮೇಲೆ ಮರದ ಅಟ್ಟಣೆಯ ಮೇಲೆ ಪೇರಿಸುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ಗಿರಣಿಗೆ. ಕ್ವಿಂಟಲ್ ಭತ್ತಕ್ಕೆ 65 ಕಿಲೋ ಆಚೀಚೆ ಅಕ್ಕಿ; ತವುಡು ಗಿರಣಿಯವನಿಗೆ, ಅದೇ ಅವನ ಕೂಲಿ. ಅರ್ಧ ಭಾಗ ಭತ್ತವನ್ನು ಬೇಯಿಸಿ ಒಣಗಿಸಿ ಕುಸುಬಲಕ್ಕಿ ಮಾಡಿಸುತ್ತೇವೆ. ಪಡಿತರದ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಎರವರ ಮುದುಕರು ಹೇಳಿದ್ದನ್ನೇ ಬಂಗಾಳದ ಹುಡುಗರೂ ಹೇಳಿದರು. ಎರಡು ಸಾವಿರ ಕಿಲೋಮೀಟರ್ ದೂರದವರು ಒಂದೇ ಗಂಜಿಗೆ ಒಪ್ಪಿದ್ದು ನೋಡಿ ಖುಷಿಯಾಯಿತು.

ಪಡಿತರದ ಅಕ್ಕಿಯ ಬಗ್ಗೆ ಇನ್ನೊಂದು ರಗಳೆ ‘ಪ್ಲಾಸ್ಟಿಕ್ ಅಕ್ಕಿ’. ಸಾರವರ್ಧಿತ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸಿರುತ್ತಾರೆ. ಆ ಕಾಳು ಬಣ್ಣದಲ್ಲಿ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಯಾರೂ ಬಂದು ಹೇಳಿಲ್ಲ, ಹೆಂಗಸರು ಕೂತು ಮೊರದಲ್ಲಿ ಒಂದೊಂದೇ ಹೆಕ್ಕಿ ಕೋಳಿಗೆ ಹಾಕುತ್ತಿದ್ದರು. ನಮ್ಮೂರ ಕೋಳಿಗಳಷ್ಟು ಗಟ್ಟಿಮುಟ್ಟಾದ ಕೋಳಿಗಳು ಎಲ್ಲೂ ಇರಲಾರವು. ಮೇಷ್ಟ್ರೊಬ್ಬರು ಅಕ್ಕಿ ಮನೆಯ ಬಾಗಿಲಲ್ಲೇ ಒಲೆ ಹೂಡಿ, ಹೆಕ್ಕಿದ ಆ ಕಾಳುಗಳನ್ನಷ್ಟೇ ಬೇಯಿಸಿ ಎಲ್ಲರೆದುರು ತಿಂದು ತೋರಿಸಿದರು. ಮರುದಿನ ಅವರು ಬದುಕಿದ್ದಾರಾ ಅಂತ ನೋಡಲು ಇಬ್ಬರು ಬಂದಿದ್ದರು.

ಬೇಯಿಸಿದ ಊಟ ನಾವು ತೆಗೆದುಕೊಳ್ಳುವುದಿಲ್ಲ. ಮದುವೆ ಮನೆಯಿಂದ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, ಉಳಿದಿದೆ, ಕಳಿಸ್ತೀವಿ ಅಂತ. ಮಿಕ್ಕ ಆಹಾರ ಹಂಚುವುದಕ್ಕೆ 2019ರಿಂದ ಕೇಂದ್ರದ ನಿಯಮವೇ ಇದೆ; ನಗರಗಳಲ್ಲಿ ವ್ಯಾನು, ಫ್ರಿಜ್ಜು ಇಟ್ಟುಕೊಂಡು ಚೆನ್ನಾಗಿ ಮಾಡುವವರಿದ್ದಾರೆ. ನಮ್ಮಲ್ಲಿ ಆ ಊಟ ಲೈನ್ ಮನೆ ಮುಟ್ಟುವಾಗ ಬೆಳಗಾಗಿರುತ್ತದೆ. ನಿಯಮಕ್ಕಿಂತ ಹೆಚ್ಚಾಗಿ ನನಗೇ ಅದು ಸೇರುವುದಿಲ್ಲ. ಯಾರ ಮದುವೆಯಲ್ಲಿ ಇವರನ್ನು ಎದುರಿನ ಪಂಕ್ತಿಗೆ ಕರೆಯಲಿಲ್ಲವೋ ಅದೇ ಮದುವೆಯ ಉಳಿಕೆ ಇವರಿಗೆ ಯಾಕೆ?

ಫೋಟೊ ವಿಷಯದಲ್ಲೂ ಹಾಗೆ. ಕಳೆದ ವರ್ಷ ಒಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದರು, ನಿಜಕ್ಕೂ ದೊಡ್ಡದು, ಎರಡು ಮಳೆಗಾಲ ದಾಟುತ್ತಿತ್ತು. ಫೋಟೊ ಬೇಡ ಅಂದರೆ ಒಪ್ಪಿದರು. ಆದರೆ ಲೆಕ್ಕಕ್ಕೆ ಒಂದು ರಿಜಿಸ್ಟರ್ ಬೇಕು, ಪಡೆದವರ ಹೆಸರು, ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು. ಅವರು ಕೇಳಿದ್ದು ಅನ್ಯಾಯವೇನಲ್ಲ. ದುಡ್ಡು ಕೊಡುವವರು ಲೆಕ್ಕ ಕೇಳಬೇಕು. ನಮ್ಮೊಳಗೇ ಮೂರು ಸಭೆ ಆಯಿತು. ಹೆಬ್ಬೆಟ್ಟು ತಾನೇ, ಒತ್ತಿಸೋಣ, ಅಕ್ಕಿ ಮುಖ್ಯ ಅಂದವರು ಇಬ್ಬರು. ನಾನು ಅಜ್ಜನ ಪುಸ್ತಕ ತಂದು ಮೇಜಿನ ಮೇಲಿಟ್ಟೆ. ಅದನ್ನು ನೋಡಿಯೂ ಅವರ ಅಭಿಪ್ರಾಯ ಬದಲಾಗಲಿಲ್ಲ, ಅದು ಅವತ್ತಿನದು, ಇದು ಇವತ್ತಿನದು ಅಂದರು. ಕೊನೆಗೆ ಒಳಗೆ ಬಂದ ಭತ್ತ, ಹೊರಗೆ ಹೋದ ಅಕ್ಕಿ, ಇವೆರಡರ ಲೆಕ್ಕ ಮಾತ್ರ ಕೊಡುತ್ತೇವೆ ಅಂತ ಬರೆದೆವು. ಅವರು ಹಣವನ್ನು ಬೇರೆ ಕಡೆಗೆ ಕೊಟ್ಟರು. ಆ ಇಬ್ಬರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಈ ಜುಲೈಯಲ್ಲಿ ಚೀಲಗಳ ಸಾಲು ಗಿಡ್ಡವಾದದ್ದನ್ನು ನೋಡುವಾಗ ಅವರು ಹೇಳಿದ್ದು ಸರಿ ಇತ್ತೇನೋ ಅಂತ ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ.

ಮೊದಲ ದಿನ ದೂರ ನಿಂತು ಪ್ರಶ್ನೆ ಕೇಳಿದ ಹೆಂಗಸು ಈಗ ಬರುತ್ತಾಳೆ. ಒಳಗೆ ಬಂದು ತಾನೇ ಡಬ್ಬದಲ್ಲಿ ಅಳೆದುಕೊಳ್ಳುತ್ತಾಳೆ, ಮೇಲೆ ಗೋಪುರ ಬಂದರೆ ಅಂಗೈಯಿಂದ ಸವರಿ ಸಮ ಮಾಡಿ ಉಳಿದದ್ದನ್ನು ಚೀಲಕ್ಕೆ ಬೀಳಿಸುತ್ತಾಳೆ. ಬೇಡ, ತುಂಬಿಕೋ ಅಂದರೆ ಕೇಳುವುದಿಲ್ಲ. ಮೊನ್ನೆ ಮೇಜಿನ ಮೇಲಿದ್ದ ನಮ್ಮ ದಾಸ್ತಾನು ಪುಸ್ತಕವನ್ನು ಬಗ್ಗಿ ನೋಡಿ, ‘ಇದ್ರಲ್ಲಿ ನನ್ನ ಹೆಸ್ರು ಇಲ್ಲ ಅಲ್ವಾ?’ ಅಂದಳು. ಇಲ್ಲ ಅಂದೆ. ಪುಟ ತಿರುಗಿಸಿ ಇನ್ನೊಂದು ಪುಟವನ್ನೂ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಎಂಟೂವರೆ. ಬ್ರಹ್ಮಗಿರಿ ಕಡೆಯಿಂದ ಗಾಳಿ ಎದ್ದಿದೆ, ಹೆಂಚಿನ ಮೇಲೆ ಸಿಲ್ವರ್ ಓಕಿನ ಕೊಂಬೆ ಬಡಿಯುತ್ತಿದೆ. ಮೆಸೇಜ್ ಬಂತು: ನಾಳೆ ರಜೆ. ಈ ಸಲ ತಾರೀಕು ತಿದ್ದಿದ್ದಲ್ಲ, ನೋಡಿ ಖಾತ್ರಿ ಮಾಡಿಕೊಂಡೆ. ರವೆ ಇದೆ. ಈರುಳ್ಳಿ ಇಲ್ಲ. ಆಟೋದವನಿಗೆ ಎರಡು ಸಲ ಫೋನ್ ಮಾಡಿದೆ, ಸಿಗುತ್ತಿಲ್ಲ. ಅವನ ಕಡೆಯೂ ಕರೆಂಟ್ ಹೋಗಿರಬೇಕು.